ಘಟ್ಟದ ಮಕ್ಕಳು ಕಡಲ ಪಾಠದಲ್ಲಿ ಉಳಿದ ಬಗೆ: ನನ್ನ ಅನುಭವ

“ಸಿದ್ದಿ ಹುಡುಗರಿಗೆ ಕಾಡು ಗೊತ್ತು, ಅವರಿಗೆ ಕಡಲು ಯಾಕೆ?” ಎಂದು ಹಿಂದೆ ಕೇಳುತ್ತಿದ್ದ ಸಹೋದ್ಯೋಗಿಗಳೇ ಈಗ ಫೋನ್ ಮಾಡಿ, ಆಫ್ರಿಕಾ ಮೂಲದ ಈ ಘಟ್ಟದ ಸಮುದಾಯದ ಮಕ್ಕಳನ್ನು ಕಾಲೇಜಿನ ಕಡಲಜೀವಶಾಸ್ತ್ರದ ಪಾಠದಲ್ಲಿ ಉಳಿಸಿಕೊಂಡ ವಿಧಾನ ವಿಚಾರಿಸುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಒಮ್ಮೆಗೇ ಬರೆದುಬಿಡುತ್ತೇನೆ. ಜೀವಿಗಳನ್ನು ಎಣಿಸಲು ಕ್ವಾಡ್ರಾಟ್ ಎಂಬ ಚೌಕಟ್ಟು ಹಾಕುವುದು, ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಹಿಡಿಯುವ ಪ್ಲಾಂಕ್ಟನ್ ಬಲೆ ಎಳೆಯುವುದು ಕರಾವಳಿಯಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಿಮಗೆಲ್ಲ ಗೊತ್ತಿರುವುದೇ; ಅದರ ಗೋಜಿಗೆ ಹೋಗುವುದಿಲ್ಲ.

ಮೊದಲು ಸೋತ ದಾರಿಗಳನ್ನು ಹೇಳುತ್ತೇನೆ. ಯಲ್ಲಾಪುರ, ಹಳಿಯಾಳದ ಕಡೆ ಜಾಗೃತಿ ಶಿಬಿರ ನಡೆಸಿದೆವು. ಶಾಮಿಯಾನ, ಬ್ಯಾನರ್, ಊಟ, ಜೀಪಿನ ಬಾಡಿಗೆ ಎಲ್ಲ ಸೇರಿ ಇಪ್ಪತ್ತು ಸಾವಿರದ ಆಸುಪಾಸು ಖರ್ಚಾಯಿತು. ವೇದಿಕೆಯಲ್ಲಿ ಸಿದ್ದಿಗಳ ಡಮಾಮಿ ಕುಣಿತ ಮಾಡಿಸಿ, ಅತಿಥಿಗಳು ಫೋಟೋ ತೆಗೆಸಿಕೊಂಡು ಹೊರಟರು. ಒಂದು ಅರ್ಜಿಯೂ ಬರಲಿಲ್ಲ. ಮುಂದಿನ ವರ್ಷ ಒಬ್ಬ ಹುಡುಗಿ ಸೇರಿದಳು. ದಸರಾ ರಜೆಗೆ ಊರಿಗೆ ಹೋದವಳು ಮರಳಲಿಲ್ಲ. ಆಮೇಲೆ ಬಂದ ಹುಡುಗನದೂ ಅದೇ ಕಥೆ. ಇಬ್ಬರೂ ಅಂಕಗಳಲ್ಲಿ ಹಿಂದೆ ಬಿದ್ದವರಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಮೇಲೆ ಸೀಟು ಸಿಗುವುದು ಅಷ್ಟು ಕಷ್ಟವಲ್ಲ. ಸೀಟು ಸಿಕ್ಕ ಮರುದಿನದಿಂದ ಶುರುವಾಗುವ ಬದುಕಿನಲ್ಲಿ ತೊಡಕಿದೆ.

ಆ ಬದುಕು ಎಂಥದ್ದು? ಬಂಡೆಯ ಮೇಲೆ ಕೂತು ಬಂಡೆಗೆ ಅಂಟಿಕೊಂಡಿರುವ ಚಿಪ್ಪಿನ ಜೀವಿ ಬಾರ್ನಕಲ್‌ಗಳನ್ನು ಎಣಿಸುತ್ತಿರುವ ಹುಡುಗಿಯ ಬಳಿಗೆ ಪ್ರವಾಸಿಗರು ಬಂದು “ಯಾವ ದೇಶ?” ಎಂದು ಕೇಳುತ್ತಾರೆ, ಸೆಲ್ಫಿಗೆ ನಿಲ್ಲು ಎನ್ನುತ್ತಾರೆ. ಹೋಟೆಲಿನಲ್ಲಿ ಕನ್ನಡದಲ್ಲಿ ಚಹಾ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ. ಕಾಲೇಜಿನ ಓಟದ ತಂಡಕ್ಕೆ ಕೇಳದೆಯೇ ಹೆಸರು ಬರೆದುಕೊಳ್ಳುತ್ತಾರೆ. ಇವರ ಪೂರ್ವಿಕರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಇದೇ ಕಡಲ ಮೇಲೆ ಗೋವಾಕ್ಕೆ ತಂದರು; ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ಘಟ್ಟದ ಕಾಡು ಆಸರೆಯಾಯಿತು. ತಲೆತಲಾಂತರದಿಂದ ಇಲ್ಲಿಯವರಾದವರನ್ನು ಪರದೇಶಿಗಳಂತೆ ನೋಡುವುದು ನನಗೆ ಇಂದಿಗೂ ಸಹಿಸಲಾಗದ ವಿಷಯ. ಹಾಗಾಗಿ ನನ್ನ ಕ್ಷೇತ್ರಕಾರ್ಯಕ್ಕೆ ಒಂದು ಕಟ್ಟಳೆ ಮಾಡಿದೆ: ಕುಣಿತವಿಲ್ಲ, ಓಟವಿಲ್ಲ, ಅತಿಥಿಗಳೊಂದಿಗೆ ಫೋಟೋ ಇಲ್ಲ. ಇದಕ್ಕೆ ಕೆಲವರು ಮುನಿಸಿಕೊಂಡರು. ಮುನಿಸಿಕೊಳ್ಳಲಿ.

ಕೈಹಿಡಿದ ಮೊದಲ ಉಪಾಯ, ಕಡಲನ್ನು ಕಡಲಿನಿಂದ ಆರಂಭಿಸದಿರುವುದು. ಬೇಡ್ತಿ ನದಿ ಯಲ್ಲಾಪುರದ ಕಾಡು ಹಾದು, ಮಾಗೋಡಿನಲ್ಲಿ ಧುಮುಕಿ, ಅಂಕೋಲಾ ಸೀಮೆಯಲ್ಲಿ ಗಂಗಾವಳಿಯಾಗಿ ಮಂಜಗುಣಿಯ ಬಳಿ ಸಮುದ್ರ ಸೇರುತ್ತದೆ. ನಾವು ಪಾಠವನ್ನು ಅವರ ಕೇರಿಯ ಹಳ್ಳದಿಂದ ಶುರುಮಾಡಿ ನದಿಯ ಜೊತೆಗೇ ಇಳಿದೆವು. ರಾಮನಗುಳಿಯ ಹತ್ತಿರ ಒಬ್ಬಳು, ನೀರಿನ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿಗೆ ಒಂದು ಹನಿ ಹಾಕಿ ಬೆಳಕಿಗೆ ಹಿಡಿದು, “ಸೊನ್ನೆಯಲ್ಲೇ ನಿಂತಿದೆ ಸರ್, ಕೆಟ್ಟಿದೆಯೇನೋ” ಎಂದಳು. ಮಧ್ಯಾಹ್ನ ಮಂಜಗುಣಿಯ ದಂಡೆಯಲ್ಲಿ ಅವಳೇ ನೋಡಿದಾಗ ನೀಲಿ, ಬಿಳಿ ಸೇರುವ ಗೆರೆ ಮೂವತ್ತರ ಮೇಲೆ ಹೋಗಿತ್ತು. ಅದು ಏಪ್ರಿಲ್ ತಿಂಗಳು. “ಹಾಗಾದರೆ ಉಪ್ಪು ಎಲ್ಲಿಯವರೆಗೆ ಹತ್ತಿ ಬರುತ್ತದೆ?” ಎಂದು ಅವಳು ಕೇಳಿದ್ದೇ ಆ ವರ್ಷದ ಯೋಜನೆಯಾಯಿತು. ತಿಂಗಳಿಗೆ ಎರಡು ಸಲ, ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರದ ಹೊತ್ತಿಗೆ ನದಿಯುದ್ದಕ್ಕೂ ಅಳೆದರು. ದಂಡೆಯ ಬಾವಿಗಳನ್ನೂ ಬಿಡಲಿಲ್ಲ. ಜುಲೈನಲ್ಲಿ ಅಳಿವೆಯ ಬಾಯಲ್ಲೇ ಮೇಲುನೀರು ಹೆಚ್ಚುಕಡಿಮೆ ಸಿಹಿಯಾಗಿತ್ತು. ಅಳತೆಯ ಪುಸ್ತಕ ಅವರ ಕೈಯಲ್ಲೇ ಇರುತ್ತಿತ್ತು, ನಾನು ತಿದ್ದುತ್ತಿರಲಿಲ್ಲ.

ಎರಡನೆಯದು, ಒಬ್ಬರನ್ನು ಮಾತ್ರ ಸೇರಿಸಿಕೊಳ್ಳದಿರುವುದು. ನಾಲ್ವರಾದರೂ ಒಟ್ಟಿಗೆ ಬರಬೇಕು, ಒಂದೇ ಕಡೆ ಉಳಿಯಬೇಕು. ಆ ಮೊದಲ ನಾಲ್ವರನ್ನು ಹೇಗೆ ಆರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದು ಕೇಳಿದರೆ ಹೇಳುತ್ತೇನೆ. ಕ್ಷೇತ್ರದಲ್ಲಿ ಅವರ ಜೋಡಿಗೆ ಮೀನುಗಾರರಾದ ಹರಿಕಂತ್ರ, ಖಾರ್ವಿ, ಅಂಬಿಗ ಮನೆಗಳ ಮಕ್ಕಳನ್ನು ಹಾಕಿದೆ. ಮೀನಿನ ವಾಸನೆಯ ಚುಚ್ಚುಮಾತು ಕೇಳಿ ಕೇಳಿ ಹಿಂದಿನ ಬೆಂಚು ಹಿಡಿದಿದ್ದ ಆ ಹುಡುಗರು ಬಂಡೆಯ ಮೇಲೆ ಗುರುಗಳಾದರು. ಪಾಚಿಯ ಮೇಲೆ ಕಾಲಿಡುವುದು ಹೇಗೆ, ಮರಳಿನ ಕೆಳಗೆ ಬಳಚು ಇರುವ ಗುರುತು ಯಾವುದು, ಇವೆಲ್ಲ ಅವರಿಗೆ ಸಲೀಸು. ಹಳ್ಳದ ಏಡಿಯ ವಿಷಯ ಬಂದಾಗ ಸಿದ್ದಿ ಹುಡುಗರದೇ ಮೇಲುಗೈ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಏಡಿಬಿಲಗಳನ್ನು ಎಣಿಸಿದ ಒಂದು ಅಡ್ಡ ಪ್ರಯೋಗ ಹುಟ್ಟಿದ್ದು ಹೀಗೆ. ಅದರ ಲೆಕ್ಕ ಇನ್ನೂ ಮುಗಿದಿಲ್ಲ.

ಇನ್ನು ಹಣ. ವಿದ್ಯಾರ್ಥಿವೇತನ ಬರುವುದು ವರ್ಷದ ಕೊನೆಗೆ. ಬಸ್ಸಿಗೂ ಊಟಕ್ಕೂ ದುಡ್ಡು ಬೇಕಾದದ್ದು ಜೂನಿನಲ್ಲಿ. ಹಳೆಯ ವಿದ್ಯಾರ್ಥಿಗಳಿಂದ ಒಂದೂವರೆ ಲಕ್ಷದಷ್ಟು ಕೂಡಿಸಿ ಕೈಗಡ ನಿಧಿ ಮಾಡಿದೆವು. ಬಡ್ಡಿಯಿಲ್ಲ, ಪತ್ರವಿಲ್ಲ. ಮುಳುಗುತ್ತದೆ ಎಂದರು, ಹತ್ತರಲ್ಲಿ ಎಂಟು ಪಾಲು ಮರಳಿದೆ. ಕಡಲು ಇಳಿದಾಗ ಬಂಡೆಯ ಮೇಲೆ ಕೆಲಸ ಮಾಡುವ ದಿನಗಳಲ್ಲಿ ದಿನಕ್ಕೆ ಮುನ್ನೂರೈವತ್ತು ರೂಪಾಯಿ ಭತ್ಯೆಯನ್ನೂ ಕೊಡುತ್ತೇವೆ. ರಜೆಯಲ್ಲಿ ಕೂಲಿಗೆ ಹೋಗುವ ಹುಡುಗ ಆ ಕೂಲಿ ಬಿಟ್ಟು ಬಂಡೆಗೆ ಬರಬೇಕಲ್ಲ! ಇದು “ಲಂಚ” ಎಂದವರೂ ಇದ್ದಾರೆ. ಅವರ ಮನೆಯಲ್ಲಿ ಯಾರೂ ಕೂಲಿಗೆ ಹೋದವರಲ್ಲ. ಸಲಕರಣೆಗೆ ದುಡ್ಡು ಸುರಿಯಬೇಡಿ: ಕ್ವಾಡ್ರಾಟಿಗೆ ಪಿವಿಸಿ ಪೈಪು ಸಾಕು, ನೂರೈವತ್ತರೊಳಗೆ ಮುಗಿಯುತ್ತದೆ, ನೀರು ಎಷ್ಟು ತಿಳಿಯಾಗಿದೆ ಎಂದು ನೋಡುವ ಸೆಕ್ಕಿ ತಟ್ಟೆಗೆ ಊಟದ ಸ್ಟೀಲ್ ತಟ್ಟೆ, ಕಪ್ಪು ಬಿಳಿ ಬಣ್ಣ. ರಿಫ್ರಾಕ್ಟೋಮೀಟರ್ ಮಾತ್ರ ಒಳ್ಳೆಯದನ್ನೇ ಕೊಳ್ಳಿ.

ನೇತ್ರಾಣಿ ದ್ವೀಪಕ್ಕೆ ಕರೆದೊಯ್ದು ಸ್ಕೂಬಾ ಮಾಡಿಸುವ ಆಸೆಗೂ ಬಿದ್ದಿದ್ದೆವು. ತಲೆಗೆ ಸಾವಿರಗಟ್ಟಲೆ ಖರ್ಚು, ಅರ್ಧ ಜನ ದೋಣಿಯಲ್ಲೇ ವಾಂತಿ ಮಾಡಿಕೊಂಡರು. ಅದೇ ಹಣದಲ್ಲಿ ಒಬ್ಬ ಮೀನುಗಾರ ಅಣ್ಣನಿಂದ ಲೈಫ್ ಜಾಕೆಟ್ ಹಾಕಿಸಿ ಹಿನ್ನೀರಿನಲ್ಲಿ ಈಜು ಕಲಿಸಿದೆವು. ಫಲ ಸಿಕ್ಕಿದ್ದು ಇದರಲ್ಲೇ.

ಮೊಟ್ಟೆಯ ಫಲೀಕರಣದ ಪಾಠದಲ್ಲಿ ಅರ್ನೆಸ್ಟ್ ಎವರೆಟ್ ಜಸ್ಟ್ ಅವರ ಕೆಲಸವನ್ನು ಸೇರಿಸಿದ್ದೇನೆ. ಕಪ್ಪು ಅಮೆರಿಕನ್ ವಿಜ್ಞಾನಿ. 1909ರಿಂದ ಎಷ್ಟೋ ಬೇಸಿಗೆಗಳನ್ನು ಅಮೆರಿಕದ ವುಡ್ಸ್ ಹೋಲ್‌ನ ಕಡಲಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಕಡಲಜೀವಿಗಳ ಮೊಟ್ಟೆಗಳ ಮೇಲೆ ದುಡಿದವರು. ಆ ಕಾಲದ ಬಿಳಿಯರ ವಿಶ್ವವಿದ್ಯಾಲಯಗಳ ಬಾಗಿಲು ಅವರಿಗೆ ತೆರೆಯಲಿಲ್ಲ, ಕೊನೆಗೆ ಯೂರೋಪಿಗೆ ಹೋದರು. ಅವರ ಚಿತ್ರ ತೋರಿಸಿ ಭಾಷಣ ಮಾಡುವುದಿಲ್ಲ. ಮೊಟ್ಟೆಯ ಹೊರಪದರದ ಬಗ್ಗೆ ಅವರು ಕಂಡದ್ದನ್ನು ಕಲಿಸುತ್ತೇನೆ, ಪರೀಕ್ಷೆಯಲ್ಲಿ ಕೇಳುತ್ತೇನೆ.

ಈ ಐದಾರು ವರ್ಷಗಳಲ್ಲಿ ಸಿದ್ದಿ ಮಕ್ಕಳೇ ಹದಿನೈದರ ಹತ್ತಿರ ಪದವಿ ಮುಗಿಸಿದ್ದಾರೆ. ಇಬ್ಬರು ಕಡಲಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾರೆ, ಒಬ್ಬ ಕಾಂಡ್ಲಾ ನರ್ಸರಿಯ ಮೇಲ್ವಿಚಾರಕ. ಉಪ್ಪಿನ ಪ್ರಶ್ನೆ ಕೇಳಿದವಳು ಈಗ ನನ್ನ ಜೊತೆ ಹೊಸಬರಿಗೆ ಕಲಿಸುತ್ತಾಳೆ, ಸಂಬಳ ಪಡೆದು. ಸುತ್ತಲಿನ ಯಾವ ಕಾಲೇಜಿನಲ್ಲೂ ಈ ಲೆಕ್ಕ ಸಿಗಲಿಕ್ಕಿಲ್ಲ ಎಂದು ಎದೆತಟ್ಟಿ ಹೇಳುತ್ತೇನೆ.

ನೀವು ಶುರುಮಾಡುವುದಾದರೆ ಜೂನಿನಲ್ಲಿ ಬೇಡ. ಮಳೆಗಾಲದ ಬಂಡೆ ಅಪಾಯ, ನದಿ ಕೆಂಪಗೆ ಹರಿಯುತ್ತಿರುತ್ತದೆ. ಅಲ್ಲಿಯತನಕ ನಿಧಿ ಕೂಡಿಸಿ, ಊರುಗಳಿಗೆ ಹೋಗಿ ತಾಯಂದಿರ ಜೊತೆ ಮಾತಾಡಿ. ದೀಪಾವಳಿ ಮುಗಿದ ಮೇಲೆ ಉಬ್ಬರವಿಳಿತದ ಪಟ್ಟಿ ನೋಡಿಕೊಂಡು, ಬೆಳಗಿನ ಇಳಿತವಿರುವ ದಿನ ಹಿಡಿಯಿರಿ.