ಪುಂಡಿ ನಾರಿನಿಂದ ಲಾರಿ ಬಾಗಿಲಿನ ಪ್ಯಾನೆಲ್: ನನ್ನ ಅನುಭವ

ಕಳೆದ ತಿಂಗಳು ಬಿಡದಿಯ ನಮ್ಮ ಶೆಡ್ಡಿನಿಂದ ಇಪ್ಪತ್ತು ಸಾವಿರದನೆಯ ಪ್ಯಾನೆಲ್ ಹೊರಟಿತು. ಪುಂಡಿ ನಾರು ಮತ್ತು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಸೇರಿಸಿ ಒತ್ತಿದ, ಲಾರಿ ಕ್ಯಾಬಿನ್ನಿನ ಬಾಗಿಲಿಗೆ ಒಳಗಿನಿಂದ ಕೂರುವ ಪ್ಯಾನೆಲ್. ‘ಹಗ್ಗ ಹೊಸೆಯುವ ನಾರಿನಿಂದ ಬಾಗಿಲು ಮಾಡುತ್ತೀರಾ’ ಎಂದು ಐದು ವರ್ಷದ ಹಿಂದೆ ಕೇಳಿದವರಲ್ಲಿ ಇಬ್ಬರು ಈಗ ಮ್ಯಾಟ್ (ಒತ್ತುವ ಮೊದಲಿನ ನಾರಿನ ಹಾಸು) ಎಲ್ಲಿಂದ ತರಿಸುತ್ತೀರಿ ಎಂದು ಫೋನ್ ಮಾಡುತ್ತಿದ್ದಾರೆ. ಅವರಿಗೆ ಫೋನಿನಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಇಂಜೆಕ್ಷನ್ ಮೋಲ್ಡಿಂಗ್ ಘಟಕ, ಎಂದರೆ ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ತುಂಬಿ ಭಾಗ ತೆಗೆಯುವ ಕೆಲಸ. ನಾಲ್ಕು ಯಂತ್ರಗಳಿವೆ, ಅಚ್ಚನ್ನು ಅದುಮಿ ಹಿಡಿಯುವ ಬಲದ ಲೆಕ್ಕದಲ್ಲಿ ದೊಡ್ಡದು 450 ಟನ್‌ನದು. ಬಾಗಿಲಿನ ಪ್ಯಾನೆಲ್ ಹೆಚ್ಚುಕಡಿಮೆ 0.4 ಚದರ ಮೀಟರ್ ಬರುತ್ತದೆ. ಅದನ್ನು ಇಂಜೆಕ್ಷನ್‌ನಲ್ಲಿ ತೆಗೆಯಲು ಸಾವಿರ ಟನ್‌ಗೆ ಹತ್ತಿರದ ಯಂತ್ರ ಬೇಕು. ಪುಂಡಿಗೆ ಬರುವ ಮೊದಲು ನಾವು ಬೇರೆಯವರ ಯಂತ್ರವನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು ಮಾಡಿಸುತ್ತಿದ್ದೆವು. ತಿಂಗಳಿಗೆ ಬೇಕಾದದ್ದು ಸಾವಿರದ ಇನ್ನೂರು ಪ್ಯಾನೆಲ್, ಎಂದರೆ ಆರುನೂರು ಕ್ಯಾಬಿನ್. ಇಷ್ಟು ಕಡಿಮೆ ಸಂಖ್ಯೆಗೆ ಮೂವತ್ತೈದು ಲಕ್ಷದ ಅಚ್ಚು, ಜೊತೆಗೆ ಯಂತ್ರದ ಬಾಡಿಗೆ, ಅದರ ಮೇಲೆ ಪ್ರತಿ ಏಪ್ರಿಲ್‌ನಲ್ಲಿ ಗ್ರಾಹಕರು ಕೇಳುವ ಎರಡು ಮೂರು ಪ್ರತಿಶತ ದರ ಕಡಿತ. ಮೂರನೆಯ ವರ್ಷಕ್ಕೆ ಆ ಭಾಗದಲ್ಲಿ ನಮಗೆ ಉಳಿಯುತ್ತಿದ್ದದ್ದು ಒಂದಕ್ಕೆ ನಾಲ್ಕು ರೂಪಾಯಿ. ಹಣ ಬರುತ್ತಿದ್ದದ್ದು ತೊಂಬತ್ತು ದಿನಕ್ಕೆ. ಸಣ್ಣ ಘಟಕಗಳಿಗೆ ನಲವತ್ತೈದು ದಿನದೊಳಗೆ ಪಾವತಿಸಬೇಕೆಂಬ ಕಾನೂನು ಇದೆ. ಅದನ್ನು ಹಿಡಿದು ಕೇಳಿದರೆ ಮುಂದಿನ ಆರ್ಡರ್ ಏನಾಗುತ್ತದೆ ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು.

ನಾರಿನ ಮ್ಯಾಟ್ ಒತ್ತುವುದು ಹೊಸದೇನಲ್ಲ. ಜರ್ಮನಿಯವರು ಅಗಸೆ, ಸೆಣಬಿನ ಜಾತಿಯ ನಾರುಗಳನ್ನು ದಶಕಗಳಿಂದ ಕಾರಿನ ಬಾಗಿಲಿಗೆ ಬಳಸಿದ್ದಾರೆ. ಜಪಾನಿನ ಟೊಯೋಟಾ ಬೊಶೊಕು ಕೆನಾಫ್‌ನಿಂದ ಬಾಗಿಲಿನ ಒಳಭಾಗ ಮಾಡಿದೆ. ಕೆನಾಫ್ ಎಂದರೆ ನಮ್ಮ ಪುಂಡಿಯೇ ಎಂದು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ನಾನು ರಾಯಚೂರು ಕಡೆಯವನು. ಜೋಳದ ಹೊಲದ ಅಂಚಿನಲ್ಲಿ ಪುಂಡಿ ನಿಂತಿರುತ್ತಿತ್ತು. ಸೊಪ್ಪು ಪಲ್ಯಕ್ಕೆ, ದಂಟು ಕೊಳೆತು ನಾರು ಬಿಡಲೆಂದು ಹಳ್ಳದ ನೀರಿಗೆ, ನಾರು ಎತ್ತಿನ ಹಗ್ಗಕ್ಕೆ. ರಾತ್ರಿ ಊಟವಾದ ಮೇಲೆ ಅಪ್ಪ ತೊಡೆಯ ಮೇಲೆ ಹೊಸೆಯುತ್ತಿದ್ದ ನಾರು ಅದು. ಒತ್ತಲು ಇನ್ನೂರು ಟನ್ ಹೈಡ್ರಾಲಿಕ್ ಪ್ರೆಸ್ ಸಾಕು, ಅಚ್ಚಿಗೆ ಒಂಬತ್ತು ಲಕ್ಷ ಸಾಕು ಎಂಬ ಲೆಕ್ಕ ಸಿಕ್ಕಾಗ ತೀರ್ಮಾನ ಮಾಡಿಬಿಟ್ಟೆ.

ಮೊದಲ ಹೊಡೆತ ಮ್ಯಾಟ್‌ನಲ್ಲೇ ಬಿತ್ತು. ಊರಿನ ಕಡೆಯಿಂದ ಆರುನೂರು ಕಿಲೋ ನಾರು ಕೊಂಡು ನಾರನ್ನು ನೇಯದೆ ಸೂಜಿಯಿಂದ ಚುಚ್ಚಿ ಹಾಸು ಮಾಡುವ ತಮಿಳುನಾಡಿನ ಒಂದು ನಾನ್‌ವೋವನ್ ಘಟಕಕ್ಕೆ ಕಳಿಸಿದೆ. ಅರ್ಧ ದಿನಕ್ಕೆ ಫೋನ್ ಬಂತು, ಯಂತ್ರದ ಸೂಜಿಗಳು ಮುರಿಯುತ್ತಿವೆ ಎಂದು. ನಾರಿಗೆ ಅಂಟಿಕೊಂಡಿದ್ದ ಕಟ್ಟಿಗೆಯ ಚೂರುಗಳೇ ಕಾರಣ. ಹಗ್ಗಕ್ಕೆ ಆ ಚೂರು ಅಡ್ಡಿಯಲ್ಲ, ಸೂಜಿಗೆ ಅಡ್ಡಿ. ಮುರಿದ ಸೂಜಿಗಳ ಬೆಲೆ ನಾನೇ ಕೊಟ್ಟೆ, ನಾರು ಗೋದಾಮಿನಲ್ಲಿ ಕೊಳೆಯಿತು. ಬಾಚಿ, ಒದರಿ, ಅರವತ್ತು ಎಪ್ಪತ್ತು ಮಿಲಿಮೀಟರಿಗೆ ಕತ್ತರಿಸಿ ಕಳಿಸಿದ ಮೂರನೆಯ ಕಂತು ಮಾತ್ರ ಸರಿಯಾಗಿ ಮ್ಯಾಟ್ ಆಯಿತು. ಅರ್ಧ ನಾರು, ಅರ್ಧ ಪಾಲಿಪ್ರೊಪಿಲೀನ್, ಚದರ ಮೀಟರಿಗೆ ಸುಮಾರು 1,800 ಗ್ರಾಂ.

ಎರಡನೆಯದು ಕಾಯಿಸುವ ಕೆಲಸ. ಇನ್‌ಫ್ರಾರೆಡ್ ಕಿರಣದಿಂದ ಕಾಯಿಸುವ ಓವನ್ ತಂದರೆ ಬೇಗ ಆಗುತ್ತದೆ ಎಂದು ಹನ್ನೊಂದು ಲಕ್ಷ ಸುರಿದೆ. ಮ್ಯಾಟ್ ಎಂದರೆ ಕಂಬಳಿ ಇದ್ದಂತೆ, ಶಾಖ ಒಳಗೆ ಇಳಿಯುವುದಿಲ್ಲ. ಮೇಲಿನ ನಾರು ಕಂದು ತಿರುಗಿ ಸುಟ್ಟ ವಾಸನೆ ಬಂದಾಗಲೂ ನಡುವಿನ ಪಾಲಿಪ್ರೊಪಿಲೀನ್ ಕರಗಿರುತ್ತಿರಲಿಲ್ಲ. ಒತ್ತಿದ ಪ್ಯಾನೆಲ್ ಅಂಚಿನಲ್ಲಿ ಹಪ್ಪಳದಂತೆ ಪದರ ಬಿಡುತ್ತಿತ್ತು. ಓವನ್ ಈಗಲೂ ಮೂಲೆಯಲ್ಲಿದೆ. ಕೊನೆಗೆ ಟೆಫ್ಲಾನ್ ಹಾಳೆ ಹೊದಿಸಿದ ಎರಡು ಬಿಸಿ ಫಲಕಗಳ ನಡುವೆ ಮ್ಯಾಟನ್ನು ಅದುಮಿಟ್ಟು ಕಾಯಿಸಿದೆವು. ಫಲಕ 205 ಡಿಗ್ರಿ, ಎಪ್ಪತ್ತು ಸೆಕೆಂಡ್. ಅಲ್ಲಿಂದ ತಣ್ಣನೆಯ ಅಚ್ಚಿಗೆ ಹೋಗುವ ಸಮಯವೇ ಇಡೀ ಆಟ. ಎಷ್ಟು ಸೆಕೆಂಡ್, ಮೂಲೆಗಳು ಹರಿಯದಂತೆ ಮ್ಯಾಟನ್ನು ಎಲ್ಲಿ ಬಿಗಿಹಿಡಿದು ಎಲ್ಲಿ ಸಡಿಲಬಿಡುತ್ತೇವೆ ಎಂಬುದನ್ನು ಕಂಡುಕೊಳ್ಳಲು ನಮಗೆ ಎಂಟು ತಿಂಗಳು ಹಿಡಿಯಿತು. ಅದನ್ನು ಬರೆಯುವುದಿಲ್ಲ.

ಉರಿಯುವ ಪರೀಕ್ಷೆಯಲ್ಲಿ ಒಮ್ಮೆ ಸೋತೆವು. ಉರಿ ಹರಡುವ ವೇಗಕ್ಕೆ ನಿಮಿಷಕ್ಕೆ ನೂರು ಮಿಲಿಮೀಟರ್ ಮಿತಿ. ನಮ್ಮದು ನೂರ ಇಪ್ಪತ್ತರ ಹತ್ತಿರ ಓಡಿತು. ಆಗ ಪ್ಯಾನೆಲ್ಲಿನ ದಪ್ಪ ನಾಲ್ಕು ಮಿಲಿಮೀಟರ್, ಒಳಗೆಲ್ಲ ಗಾಳಿ. ಅದೇ ಮ್ಯಾಟನ್ನು 2.2 ಮಿಲಿಮೀಟರಿಗೆ ಒತ್ತಿದಾಗ ಉರಿ ಮಿತಿಯ ಅರ್ಧಕ್ಕಿಂತ ಕೆಳಗೆ ಬಂತು. ಯಾವ ರಾಸಾಯನಿಕವನ್ನೂ ಸೇರಿಸಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ವಾಸನೆ. ತುಂಡೊಂದನ್ನು ಗಾಜಿನ ಜಾಡಿಯಲ್ಲಿ ಬಿಗಿಯಾಗಿ ಮುಚ್ಚಿ, 80 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ಮುಚ್ಚಳ ಸ್ವಲ್ಪವೇ ಸರಿಸಿ ಮೂವರು ಮೂಸಿ ಒಂದರಿಂದ ಆರರವರೆಗೆ ಅಂಕ ಕೊಡುವ ಪರೀಕ್ಷೆಯೊಂದಿದೆ. ಅಂಕ ಹೆಚ್ಚಿದಷ್ಟೂ ವಾಸನೆ ಕೆಟ್ಟದು. ಮೊದಲ ಸಲ ಜಾಡಿ ತೆರೆದಾಗ ನನ್ನ ಮೂಗಿಗೆ ಬಂದದ್ದು ನಮ್ಮೂರ ಹಳ್ಳ: ಕಲ್ಲು ಹೇರಿ ಮುಳುಗಿಸಿದ ಪುಂಡಿಯ ಕಟ್ಟು, ಮೇಲೆ ಕಪ್ಪು ನೊರೆ. ಪಕ್ಕದಲ್ಲಿದ್ದ ಗುಣಮಟ್ಟ ವಿಭಾಗದ ಹುಡುಗಿ ಮುಖ ತಿರುಗಿಸಿ ಐದು ಎಂದು ಬರೆದಳು. ಗ್ರಾಹಕರ ಕಡೆಯವರು ಕಡತ ಮುಚ್ಚಿದರು. ಬೇಸಿಗೆಯಲ್ಲಿ ನಿಂತ ಲಾರಿಯ ಕ್ಯಾಬಿನ್ನಿನಲ್ಲಿ ಚಾಲಕ ಮಲಗುತ್ತಾನೆ. ಅವನಿಗೆ ಆ ವಾಸನೆ ಕೊಡುವ ಹಕ್ಕು ನಮಗಿಲ್ಲ ಎಂಬ ಅವರ ಮಾತನ್ನು ನಾನು ಒಪ್ಪಿದೆ.

ನಿಂತ ನೀರಿನಲ್ಲಿ ಕೊಳೆತ ನಾರಿಗೆ ಯಾವ ಸುಗಂಧ ಹಾಕಿದರೂ ಪ್ರಯೋಜನವಿಲ್ಲ. ನಾಲ್ಕು ಕಡೆ ಕೈಸುಟ್ಟುಕೊಂಡ ಮೇಲೆ ಊರಿನಲ್ಲೇ ಎರಡು ಸಿಮೆಂಟಿನ ತೊಟ್ಟಿ ಕಟ್ಟಿಸಿದೆವು. ಹನ್ನೆರಡು ದಿನ ನೆನೆ, ನಡುವೆ ಮೂರು ಬಾರಿ ನೀರು ಬದಲು, ಕೊನೆಗೆ ಎರಡು ತೊಳೆತ, ನೆರಳಿನಲ್ಲಿ ಒಣಗಿಸುವುದು. ಎರಡನೆಯ ತೊಳೆತದ ನೀರಿಗೆ ಒಂದು ವಸ್ತು ಸೇರುತ್ತದೆ, ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಅದು ನಮ್ಮ ಮನೆಯ ಗುಟ್ಟು. ಅಂಕ ಎರಡೂವರೆಗೆ ಇಳಿಯಿತು. ತೊಟ್ಟಿ ನೋಡಿಕೊಳ್ಳುವ ಆರು ಮನೆಯವರಿಗೆ ಹಗ್ಗದ ನಾರಿಗಿಂತ ಕಿಲೋಗೆ ಹದಿನೈದು ರೂಪಾಯಿ ಹೆಚ್ಚು ಕೊಡುತ್ತೇನೆ.

ನಡುನಡುವೆ ಬೇರೆ ನಾರುಗಳನ್ನೂ ನೋಡಿದೆ. ತೆಂಗಿನ ನಾರು ಅಗ್ಗ, ಆದರೆ ಒರಟು. ಮೇಲೆ ಬಟ್ಟೆ ಅಂಟಿಸಿದರೂ ಗೀರು ಎದ್ದು ಕಾಣುತ್ತದೆ. ಬಾಳೆ ನಾರು ನುಣುಪು, ಒಂದು ಕಂತಿನಂತೆ ಇನ್ನೊಂದು ಬರುವುದಿಲ್ಲ. ಕತ್ತಾಳೆ ಗಟ್ಟಿ, ಪುಂಡಿಗಿಂತ ದುಬಾರಿ ಬಿತ್ತು. ಮಂಡ್ಯದಿಂದ ಕಬ್ಬಿನ ಸಿಪ್ಪೆಯನ್ನೂ ತಂದಿದ್ದೆ. ಅದು ಪುಡಿಯಾಗುತ್ತದೆ, ನಾರಾಗುವುದಿಲ್ಲ.

ಇನ್ನು ಲಾಭದ ಮಾತು. ಹಳೆಯ ಪ್ಯಾನೆಲ್ 1,050 ಗ್ರಾಂ, ಹೊಸದು 720. ತೂಕ ನೋಡಿ ಗ್ರಾಹಕರು ಖುಷಿಪಟ್ಟರು, ನನಗೆ ಮಾತ್ರ ಮೊದಲ ಆರು ತಿಂಗಳು ನಷ್ಟ. ಒಂದು ಪ್ಯಾನೆಲ್ಲಿಗೆ ಒಂದು ಕಿಲೋ ಮ್ಯಾಟ್ ಬೇಕು, 280 ಗ್ರಾಂ ಅಂಚು ಕತ್ತರಿಸಿ ಹೋಗುತ್ತದೆ. ಮ್ಯಾಟ್ ಕಿಲೋಗೆ 140 ರೂಪಾಯಿಯಷ್ಟು. ಎಂದರೆ ಪ್ರತಿ ಪ್ಯಾನೆಲ್ಲಿಗೆ ಮೂವತ್ತೊಂಬತ್ತು ರೂಪಾಯಿ ಕಸಕ್ಕೆ. ಆ ಅಂಚನ್ನು ಪುಡಿಮಾಡಿ, ಹೊಸ ಪಾಲಿಪ್ರೊಪಿಲೀನ್ ಬೆರೆಸಿ ನಾರನ್ನು ಇಪ್ಪತ್ತು ಪ್ರತಿಶತಕ್ಕೆ ಇಳಿಸಿ, ಹರಳು ಮಾಡಿಸಿದೆವು. ಪ್ಯಾನೆಲ್ಲಿನ ಹಿಂಬದಿಗೆ ಬೆಸೆಯುವ ಕ್ಲಿಪ್ ಬ್ರಾಕೆಟ್‌ಗಳನ್ನು ಈಗ ಅದರಿಂದಲೇ ನಮ್ಮ ಹಳೆಯ ಯಂತ್ರಗಳಲ್ಲಿ ತೆಗೆಯುತ್ತೇವೆ. ಹರಳು ಕರಗಿಸುವ ಬ್ಯಾರೆಲ್ 185 ಡಿಗ್ರಿ ದಾಟಬಾರದು, ಹರಳು ನಾಲ್ಕು ಗಂಟೆ ಒಣಗಿರಬೇಕು, ಇಲ್ಲದಿದ್ದರೆ ಭಾಗದ ಮೇಲೆ ಬೆಳ್ಳಿಯಂಥ ಗೆರೆ ಬೀಳುತ್ತದೆ. ಬಾಡಿಗೆ ಯಂತ್ರದ ಖರ್ಚು ಹೋಗಿ, ಕಸ ಮಾಲಾಗಿ, ಈಗ ಒಂದಕ್ಕೆ ಇಪ್ಪತ್ತೆರಡು ಇಪ್ಪತ್ಮೂರು ರೂಪಾಯಿ ನಿಲ್ಲುತ್ತದೆ. ಹಾಕಿದ್ದು ಓವನ್ ಸೇರಿ ನಲವತ್ತು ಲಕ್ಷದ ಆಸುಪಾಸು, ಬಹುಪಾಲು ಬ್ಯಾಂಕಿನದು. ಸಾಲ ಇನ್ನೂ ಎರಡೂವರೆ ವರ್ಷ ಇದೆ.

ಮಳೆಗಾಲ ಮಾತ್ರ ಪೂರ್ತಿ ಗೆದ್ದಿಲ್ಲ. ಜುಲೈನಲ್ಲಿ ಮ್ಯಾಟ್ ತೇವ ಹೀರುತ್ತದೆ, ಬಿಸಿ ಫಲಕದ ನಡುವೆ ಉಗಿ ಎದ್ದು ಪ್ಯಾನೆಲ್ ಮೇಲೆ ಗುಳ್ಳೆ ಬರುತ್ತದೆ. ಹೋದ ವರ್ಷ ಒಂದೇ ವಾರದಲ್ಲಿ ನೂರ ಎಂಬತ್ತು ಪ್ಯಾನೆಲ್ ತಿರಸ್ಕೃತವಾದವು. ಈ ಸಲ ಫಲಕಗಳಿಂದ ಪೋಲಾಗುವ ಬಿಸಿಗಾಳಿಯನ್ನು ಕೊಳವೆಯಲ್ಲಿ ಮ್ಯಾಟ್ ಕೋಣೆಗೆ ತಿರುಗಿಸಿದ್ದೇನೆ. ಮೊದಲ ದೊಡ್ಡ ಮಳೆ ಮೊನ್ನೆ ಬಿತ್ತು. ಇಂದು ಬೆಳಗಿನ ಪಾಳಿಯಲ್ಲಿ ಗುಳ್ಳೆ ಕಂಡದ್ದು ಎರಡರಲ್ಲಿ ಮಾತ್ರ, ಎರಡೂ ಬಾಗಿಲ ಪಕ್ಕದ ರಾಶಿಯವು. ನಾಳೆ ಆ ರಾಶಿಯನ್ನು ಒಳಗೋಡೆಗೆ ಸರಿಸುತ್ತಿದ್ದೇವೆ.