ಮುಟ್ಟು ನಿಲ್ಲೋ ಟೈಮಲ್ಲಿ ಮೈ ಮನಸ್ಸು ಎರಡನ್ನೂ ನಿಭಾಯಿಸೋದು ಹೇಗೆ

ನಲವತ್ತೈದು ದಾಟಿದ ಹೆಂಗಸರು ನಿದ್ದೆ ಬರ್ತಿಲ್ಲ ಅಂದ್ರೂ, ಮೈಯೆಲ್ಲಾ ಬೆಂಕಿ ಥರ ಆಗತ್ತೆ ಅಂದ್ರೂ, ಸುಮ್ಸುಮ್ನೆ ಅಳು ಬರ್ತಿದೆ ಅಂದ್ರೂ ನಮ್ಮನೆಗಳಲ್ಲಿ ಸಿಗೋದು ಎರಡೇ ಉತ್ತರ, ಒಂದು "ಉಷ್ಣ ಆಗಿರ್ಬೇಕು, ಎಳನೀರು ಕುಡಿ", ಇನ್ನೊಂದು "ವಯಸ್ಸಾಯ್ತಲ್ಲ, ಎಲ್ರಿಗೂ ಇರೋದೇ". ಎಲ್ರಿಗೂ ಇರೋದೇ ಸರಿ, ಆದ್ರೆ ಎಲ್ರಿಗೂ ಇದೆ ಅಂತ ಹಲ್ಲುಕಚ್ಚಿ ತಡ್ಕೋಬೇಕು ಅಂತ ಎಲ್ಲೂ ಬರೆದಿಲ್ಲ. ಇದರಲ್ಲಿ ಮನೇಲೇ ಸರಿಮಾಡ್ಕೊಳ್ಳೋದು ಇದೆ, ಮಾತ್ರೆ ಬೇಕಾಗೋದು ಇದೆ, ಕೂಡ್ಲೇ ಡಾಕ್ಟ್ರ ಹತ್ರ ಓಡ್ಬೇಕಾದ್ದೂ ಇದೆ. ಯಾವುದು ಯಾವುದು ಅಂತ ಬೇರೆ ಮಾಡ್ಕೊಂಡ್ರೆ ಅರ್ಧ ತಲೆನೋವು ಕಡಿಮೆ.

ಮೊದಲ ಕೆಲ್ಸ, ಅಡುಗೆಮನೆ ಗೋಡೆ ಮೇಲೆ ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ತಾರೀಖು ಬರೆಯೋ ಕ್ಯಾಲೆಂಡರ್ ಇರತ್ತಲ್ಲ, ಅದರಲ್ಲೇ ನಿಮ್ದೂ ಬರೀರಿ. ಮುಟ್ಟಾದ ದಿನ, ಎಷ್ಟು ದಿನ ಹೋಯ್ತು, ದಿನಕ್ಕೆ ಎಷ್ಟು ಪ್ಯಾಡ್, ರಾತ್ರಿ ಎಷ್ಟು ಸಲ ಬೆವೆತು ಎದ್ರಿ. ಯಾರಾದ್ರೂ ನೋಡ್ತಾರೆ ಅನ್ನಿಸಿದ್ರೆ ಒಂದು ಚುಕ್ಕೆ ಇಟ್ರೂ ಸಾಕು, ಅರ್ಥ ನಿಮಗೆ ಗೊತ್ತಿದ್ರೆ ಆಯ್ತು. ಡಾಕ್ಟ್ರು "ಯಾವಾಗಿಂದ?" ಅಂತ ಕೇಳಿದಾಗ "ಸುಮಾರು ದಿನದಿಂದ" ಅನ್ನೋದಕ್ಕೂ ಈ ಕ್ಯಾಲೆಂಡರ್ ಫೋಟೋ ತೋರಿಸೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಲೆಕ್ಕ ಹೀಗೆ. ಸತತವಾಗಿ 12 ತಿಂಗಳು ಮುಟ್ಟಾಗ್ಲಿಲ್ಲ ಅಂದ್ರೆ ಮೆನೋಪಾಸ್ ಆಯ್ತು ಅಂತ ಅರ್ಥ. ನಮ್ಮ ದೇಶದಲ್ಲಿ ಸರಾಸರಿ 46-47ಕ್ಕೆ ಆಗತ್ತೆ, ಪಾಶ್ಚಾತ್ಯ ದೇಶಗಳಲ್ಲಿ 51ರ ಹತ್ರ. ಆದ್ರೆ ಕಾಟ ಶುರುವಾಗೋದು ಅದಕ್ಕೂ ಎಷ್ಟೋ ವರ್ಷ ಮೊದ್ಲೇ, ಒಂದ್ಸಲ 20 ದಿನಕ್ಕೇ ಬರತ್ತೆ ಇನ್ನೊಂದ್ಸಲ ಎರಡು ತಿಂಗಳು ಸುದ್ದಿನೇ ಇರಲ್ಲ. 45 ದಾಟಿದವರಿಗೆ ಇದನ್ನ ಖಾತ್ರಿ ಮಾಡ್ಕೊಳ್ಳೋಕೆ ಸಾಮಾನ್ಯವಾಗಿ ಹಾರ್ಮೋನ್ ಟೆಸ್ಟ್ ಬೇಕಿಲ್ಲ, ಲೆವೆಲ್ ದಿನದಿನಕ್ಕೂ ಏರಿಳಿಯೋದ್ರಿಂದ ಒಂದು ರಿಪೋರ್ಟಿಂದ ಏನೂ ಗೊತ್ತಾಗಲ್ಲ. 40ರ ಒಳಗೇ ನಿಂತ್ರೆ ಮಾತ್ರ ಸುಮ್ನಿರಬೇಡಿ, ಮೂಳೆಗೂ ಹಾರ್ಟಿಗೂ ತೊಂದ್ರೆ, ಟ್ರೀಟ್ಮೆಂಟ್ ಬೇಕೇ ಬೇಕು. ಹಾಗೇ ಒಂದು ಮಾತು, ನಮ್ಮಲ್ಲಿ ಮೂವತ್ತು ಮೂವತ್ತೈದಕ್ಕೇ ಗರ್ಭಕೋಶ ತೆಗೆಸಿಕೊಂಡವರು ಬಹಳ ಜನ ಇದಾರೆ (ಎಷ್ಟೋ ಕಡೆ ಅದರ ಅಗತ್ಯನೇ ಇರ್ಲಿಲ್ಲ ಅನ್ನೋದು ಬೇರೆ ಕತೆ). ಅವರು ಹಳೇ ಡಿಸ್ಚಾರ್ಜ್ ಸಮ್ಮರಿ ಹುಡುಕಿ, ಅಂಡಾಶಯನೂ ತೆಗೆದಿದಾರಾ ಅಂತ ಯಾರ ಹತ್ರನಾದ್ರೂ ಓದಿಸಿ ತಿಳ್ಕೊಳ್ಳಿ. ಎರಡೂ ಅಂಡಾಶಯ ತೆಗೆದಿದ್ರೆ ಆಪರೇಷನ್ ಆದ ದಿನದಿಂದ್ಲೇ ಮೆನೋಪಾಸ್.

ಈಗ ಎಲ್ರೂ ಹೇಳೋ ಬಿಸಿ ವಿಷಯ. ಎದೆಯಿಂದ ಶುರುವಾಗಿ ಕತ್ತು, ಮುಖಕ್ಕೆ ಜುಮ್ಮಂತ ಬಿಸಿ ಏರತ್ತೆ, ಬೆವರು ಕಿತ್ಕೊಂಡು ಬರತ್ತೆ, ಕೆಲವು ನಿಮಿಷದಲ್ಲಿ ಇಳಿಯತ್ತೆ, ಆಮೇಲೆ ಚಳಿ. ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಕಡಿಮೆ ಆದಾಗ ಮೆದುಳಲ್ಲಿ ಮೈಯ ಬಿಸಿ ನೋಡ್ಕೊಳ್ಳೋ ಜಾಗ ಸೆಟ್ಟಿಂಗ್ ಕೆಟ್ಟ ಗೀಸರ್ ಥರ ಆಡತ್ತೆ, ಚೂರು ಬಿಸಿ ಆದ್ರೂ ಬೆವರಿಸಿಬಿಡತ್ತೆ. ಅದಕ್ಕೇ ಆ ಚೂರು ಬಿಸಿನ ಕಡಿಮೆ ಮಾಡೋದೇ ಉಪಾಯ. ಸಿಂಥೆಟಿಕ್ ನೈಟಿ ಬಿಟ್ಟು ಕಾಟನ್, ದಪ್ಪ ರಗ್ಗಿನ ಬದ್ಲು ಎರಡು ತೆಳು ಹೊದಿಕೆ, ಅಡುಗೆ ಮಾಡುವಾಗ ಎಕ್ಸಾಸ್ಟ್ ಫ್ಯಾನ್, ರೊಟ್ಟಿ ಚಪಾತಿ ಥರ ಒಲೆ ಮುಂದೆ ನಿಲ್ಲೋ ಕೆಲಸ ತಂಪು ಹೊತ್ತಲ್ಲಿ ಇಲ್ಲಾಂದ್ರೆ ಮನೇಲಿ ಬೇರೆ ಯಾರಾದ್ರೂ ಮಾಡ್ಲಿ, ಕೈ ಇದೆ ತಾನೇ ಅವರಿಗೂ. ಫ್ಯಾನ್ ಜಗಳ ಎಲ್ಲಾ ಮನೇಲೂ ಇದ್ದಿದ್ದೇ, ನಿಮಗೆ ಐದು ಬೇಕು ಅವರಿಗೆ ಎರಡು, ಒಂದು ಸಣ್ಣ ಟೇಬಲ್ ಫ್ಯಾನ್ ನಿಮ್ಮ ಕಡೆಗೆ ಮಾತ್ರ ತಿರುಗಿಸಿ ಇಟ್ಕೊಳ್ಳಿ. ಕಾಫಿ, ಖಾರ, ಬಿಸಿಬಿಸಿ ಸಾರು ಕೆಲವರಿಗೆ ಕೆಣಕತ್ತೆ ಕೆಲವರಿಗೆ ಏನೂ ಮಾಡಲ್ಲ, ಕ್ಯಾಲೆಂಡರ್ ನೋಡಿ ತಿಳ್ಕೊಳ್ಳಿ, ಸುಮ್ನೆ ಬೆಳಗಿನ ಕಾಫಿ ಬಿಟ್ಟು ಕೊರಗಬೇಡಿ, ಸಂಜೆದು ಬಿಟ್ರೆ ನಿದ್ದೆಗಾದ್ರೂ ಒಳ್ಳೇದು.

ಎಳನೀರು, ಮಜ್ಜಿಗೆ, ಮೆಂತ್ಯದ ನೀರು, ಕಾಮಕಸ್ತೂರಿ ಬೀಜ ಎಲ್ಲಾ ಕುಡೀರಿ, ಹಿತ ಅನ್ನಿಸಿದ್ರೆ ಒಳ್ಳೇದೇ. ಆದ್ರೆ ಇದು ತಿಂದ ಊಟದ ಉಷ್ಣ ಅಲ್ಲ, ಹಾರ್ಮೋನ್ ಕೆಲ್ಸ, ಅದಕ್ಕೆ ಎಳನೀರಿಂದ ನಿಲ್ಲತ್ತೆ ಅಂತ ಕಾಯ್ಬೇಡಿ. ಕಿಡ್ನಿ ತೊಂದ್ರೆ ಇರೋರು ಎಳನೀರನ್ನ ಕೇಳದೆ ಕುಡಿಯೋದೇ ಬೇಡ, ಪೊಟ್ಯಾಶಿಯಂ ಜಾಸ್ತಿ.

ಎಲ್ಲಾ ಬೆವರೂ ಮೆನೋಪಾಸ್ ಅಲ್ಲ ಅನ್ನೋದು ಮುಖ್ಯ. ರಾತ್ರಿ ಬೆವರ ಜೊತೆ ಸಂಜೆ ಜ್ವರ, ತೂಕ ಇಳಿಯೋದು, ಕೆಮ್ಮು ಇದ್ರೆ ಟಿಬಿ ಟೆಸ್ಟ್ ಮಾಡಿಸಿ. ಎದೆ ಡವಗುಟ್ಟೋದು, ಕೈ ನಡುಕ ಇದ್ರೆ ಥೈರಾಯ್ಡ್ ಟೆಸ್ಟ್. ಎದೆ ಹಿಂಡಿದಂಗಾಗಿ ತಣ್ಣನೆ ಬೆವರು ಬಂದ್ರೆ, ದವಡೆಗೋ ತೋಳಿಗೋ ನೋವು ಹರಿದ್ರೆ, ಗ್ಯಾಸ್ಟ್ರಿಕ್ಕೋ ಮೆನೋಪಾಸೋ ಅಂತ ಯೋಚ್ನೆ ಮಾಡ್ತಾ ಕೂರ್ಬೇಡಿ, ಆಸ್ಪತ್ರೆ.

ಬಿಸಿ, ಬೆವರು ಮನೆಮದ್ದಿಗೆ ಬಗ್ಗದೆ ನಿದ್ದೆ, ಕೆಲ್ಸ ಎರಡೂ ಕೆಡ್ತಿದ್ರೆ ಹಾರ್ಮೋನ್ ಟ್ರೀಟ್ಮೆಂಟ್ ಬಗ್ಗೆ ಕೇಳಿ. ಹೆಸರು ಕೇಳಿದ ಕೂಡ್ಲೇ ಕ್ಯಾನ್ಸರ್ ಬರತ್ತಂತೆ ಅಂತ ಹೆದರ್ತಾರೆ. ಆ ಹೆದರಿಕೆ ಜೋರಾಗಿದ್ದು 2002ರಲ್ಲಿ ಅಮೆರಿಕಾದ ಒಂದು ದೊಡ್ಡ ಸ್ಟಡಿ ಅರ್ಧಕ್ಕೇ ನಿಲ್ಲಿಸಿದ ಮೇಲೆ, ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63, ಮುಟ್ಟು ನಿಂತು ಹತ್ತು ವರ್ಷ ದಾಟಿದವರೇ ಜಾಸ್ತಿ. ಈಗ ಡಾಕ್ಟ್ರು ಹೇಳೋದು, 60ರ ಒಳಗೆ ಅಥವಾ ಮುಟ್ಟು ನಿಂತು 10 ವರ್ಷದ ಒಳಗೆ ಶುರು ಮಾಡಿದ್ರೆ ಬೇರೆ ಕಾಯಿಲೆ ಇಲ್ಲದ ಹೆಚ್ಚಿನವರಿಗೆ ಅಪಾಯಕ್ಕಿಂತ ಲಾಭ ಜಾಸ್ತಿ ಅಂತ. ಗರ್ಭಕೋಶ ಇರೋರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಅನ್ನೋ ಇನ್ನೊಂದು ಹಾರ್ಮೋನ್ ಕೊಡ್ಲೇಬೇಕು, ಇಲ್ಲಾಂದ್ರೆ ಒಳಪದರ ದಪ್ಪ ಆಗಿ ಕ್ಯಾನ್ಸರ್ ಅಪಾಯ. ಸ್ತನ ಕ್ಯಾನ್ಸರ್ ಆಗಿದ್ದವರು, ಕಾಲಲ್ಲಿ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಸ್ಟ್ರೋಕ್ ಆದವರು, ಲಿವರ್ ಕಾಯಿಲೆ ಇರೋರು ಸಾಮಾನ್ಯವಾಗಿ ತಗೊಳ್ಳೋ ಹಾಗಿಲ್ಲ. ಅಂಥವರಿಗೆ ವೆನ್ಲಾಫಾಕ್ಸಿನ್, ಗ್ಯಾಬಪೆಂಟಿನ್ ಥರ ಹಾರ್ಮೋನ್ ಅಲ್ಲದ ಮಾತ್ರೆಗಳಿವೆ. ಪಕ್ಕದ್ಮನೆ ಆಂಟಿ ಮಾತ್ರೆ ಚೀಟಿ ಮೆಡಿಕಲ್ ಶಾಪಲ್ಲಿ ತೋರಿಸಿ ತಗೊಳ್ಳೋದು ಮಾತ್ರ ಬೇಡ.

ಯಾರೂ ಬಾಯಿ ಬಿಡದ ವಿಷಯ ಒಂದಿದೆ. ಕೆಳಗೆ ಒಣಗೋದು, ಉರಿ, ಗಂಡನ ಜೊತೆ ಸೇರಿದ್ರೆ ನೋವು, ಪದೇ ಪದೇ ಯೂರಿನ್ ಇನ್ಫೆಕ್ಷನ್. ಬಿಸಿ ಏರೋದು ವರ್ಷಗಳ ಮೇಲೆ ತಾನಾಗೇ ಇಳಿಯತ್ತೆ, ಇದು ಹಾಗಲ್ಲ, ಬಿಟ್ಟಷ್ಟೂ ಜಾಸ್ತಿ ಆಗತ್ತೆ. ಸೋಪು, ಡೆಟಾಲ್, ಪರಿಮಳದ ವಾಶ್ ಯಾವುದೂ ಒಳಗೆ ಬೇಡ, ಹೊರಗಡೆಗೆ ಬರೀ ನೀರು ಸಾಕು. ಸೇರುವಾಗ ನೀರಿನ ಅಂಶದ ಲೂಬ್ರಿಕೆಂಟ್ (ಜಾರಿಕೆ ಕೊಡೋ ಜೆಲ್) ಹಚ್ಚಿ, ಕೊಬ್ಬರಿ ಎಣ್ಣೆ ಕಾಂಡೋಮ್ ಜೊತೆ ಆಗಲ್ಲ, ಹರಿದೋಗತ್ತೆ. ಕಾಂಡೋಮ್ ಯಾಕೆ ಬೇಕು ಅಂತ ನಗಬೇಡಿ, 50ರ ಒಳಗೆ ಮುಟ್ಟು ನಿಂತ್ರೆ ಇನ್ನೂ ಎರಡು ವರ್ಷ, 50 ಆದ್ಮೇಲೆ ನಿಂತ್ರೆ ಒಂದು ವರ್ಷ ಗರ್ಭ ನಿಲ್ಲದ ಹಾಗೆ ಜಾಗ್ರತೆ ಬೇಕು. ಅಷ್ಟಕ್ಕೂ ಸರಿಹೋಗದಿದ್ರೆ ಒಳಗೆ ಹಚ್ಚೋ ಈಸ್ಟ್ರಿಯಾಲ್ (ಒಂದು ಥರದ ಈಸ್ಟ್ರೋಜನ್) ಕ್ರೀಮ್ ಬರೆದುಕೊಡಿ ಅಂತ ಡಾಕ್ಟ್ರನ್ನೇ ಕೇಳಿ, ಮೊದಲೆರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆರಡು ಸಲ ಅಂತ ಸಾಮಾನ್ಯವಾಗಿ ಹೇಳ್ತಾರೆ, ರಕ್ತಕ್ಕೆ ಸೇರೋದು ತೀರಾ ಕಡಿಮೆ. ಕೆಮ್ಮಿದ್ರೆ ಸೀನಿದ್ರೆ ಯೂರಿನ್ ಹೋಗತ್ತೆ ಅನ್ನೋರು ಯೂರಿನ್ ತಡೆಯೋ ಸ್ನಾಯುನ ಬಿಗಿ ಹಿಡಿದು ಬಿಡೋದನ್ನ ಎಂಟು-ಹತ್ತು ಸಲ, ದಿನಕ್ಕೆ ಮೂರು ಹೊತ್ತು ಮಾಡಿ, ಟಿವಿ ನೋಡ್ತಾನೇ ಮಾಡ್ಬಹುದು, ಮೂರು ತಿಂಗಳಾದ್ರೂ ಬಿಡದೆ ಮಾಡಿದ್ರೇನೇ ಫಲ.

ರಕ್ತಸ್ರಾವದ ವಿಷಯದಲ್ಲಿ ಮಾತ್ರ ಕಾಯೋದೇ ಬೇಡ. ಗಂಟೆಗೊಂದು ಪ್ಯಾಡ್ ಒದ್ದೆ ಆಗ್ತಿದ್ರೆ, ಗಡ್ಡೆ ಗಡ್ಡೆ ಹೋಗ್ತಿದ್ರೆ "ನಿಲ್ಲೋ ಮುಂಚೆ ಹಿಂಗೇ" ಅಂದ್ಕೊಂಡು ಹಿಮೋಗ್ಲೋಬಿನ್ ಆರಕ್ಕೋ ಏಳಕ್ಕೋ ಇಳಿಸ್ಕೋಬೇಡಿ. ಒಂದು ವರ್ಷ ನಿಂತು ಆಮೇಲೆ ಒಂದೇ ಒಂದು ಕಲೆ ಕಂಡ್ರೂ ಅದೇ ವಾರ ತೋರಿಸಿ, ಸ್ಕ್ಯಾನ್ ಮಾಡಿ ಒಳಪದರದ ದಪ್ಪ ನೋಡ್ತಾರೆ. ಹೆಚ್ಚಿನ ಸಲ ಏನೂ ಇರಲ್ಲ, ಕ್ಯಾನ್ಸರ್ ಇದ್ರೆ ಬೇಗ ಸಿಕ್ಕತ್ತೆ.

ಮೂಳೆಗೆ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿ ಹಿಟ್ಟಲ್ಲಿ ಸುಮಾರು 350, ಒಂದು ದೊಡ್ಡ ಲೋಟ ಹಾಲಲ್ಲಿ 300 ಹತ್ರ, ಮೇಲೆ ಎಳ್ಳು, ನುಗ್ಗೆಸೊಪ್ಪು, ಮೊಸರು. ಮುದ್ದೆ ತಿನ್ನೋರು ಪುಣ್ಯವಂತರು. ಕ್ಯಾಲ್ಸಿಯಂ ಮಾತ್ರೆ ತಗೊಳ್ಳೋರು ಬೆಳಗಿನ ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಗ್ಯಾಪ್ ಕೊಡಿ, ಐರನ್ ಮಾತ್ರೆ ಜೊತೆಗೂ ನುಂಗ್ಬೇಡಿ. ವಾಕಿಂಗ್ ಅಂದ್ರೆ ಪಾರ್ಕಲ್ಲಿ ಸೀರಿಯಲ್ ಕತೆ ಹೇಳ್ಕೊಂಡು ನಿಧಾನಕ್ಕೆ ಸುತ್ತೋದಲ್ಲ, ಉಸಿರು ಸ್ವಲ್ಪ ಜೋರಾಗ್ಬೇಕು, ವಾರಕ್ಕೆರಡು ದಿನ ಕೈಲಿ ಭಾರ ಎತ್ತೋ ವ್ಯಾಯಾಮನೂ ಬೇಕು.

ಸಿಟ್ಟು, ಮರೆವು, ಅಳು ಎಲ್ಲಾ ಈ ಸಮಯದಲ್ಲಿ ಬರತ್ತೆ, ನಿದ್ದೆ ಸರಿಹೋದ್ರೆ ಎಷ್ಟೋ ಇಳಿಯತ್ತೆ. ಆದ್ರೆ ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ರೆ, ಬದುಕೇ ಬೇಡ ಅನ್ನಿಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಮನೇಲಿ ಗಂಡನಿಗೆ ಮಕ್ಕಳಿಗೆ ಒಂದ್ಸಲ ಕೂರಿಸಿ ಹೇಳಿ, ಗಂಡುಮಕ್ಕಳಿಗೂ ಹೇಳಿ, ಅವರಾಗೇ ಅರ್ಥ ಮಾಡ್ಕೋತಾರೆ ಅಂತ ಕಾದ್ರೆ ಆಗಲ್ಲ.

ಡಾಕ್ಟ್ರ ಹತ್ರ ಹೋದಾಗ ಹತ್ತು ತೊಂದ್ರೆ ಒಟ್ಟಿಗೆ ಹೇಳೋ ಬದ್ಲು ಅತಿ ಜಾಸ್ತಿ ಕಾಡೋದು ಯಾವುದೋ ಅದನ್ನ ಮೊದ್ಲು ಹೇಳಿ, ಹೊರರೋಗಿ ಕ್ಯೂನಲ್ಲಿ ಸಿಗೋದೇ ನಾಲ್ಕು ನಿಮಿಷ. ತಗೊಳ್ತಿರೋ ಮಾತ್ರೆಗಳ ಸ್ಟ್ರಿಪ್ ಎಲ್ಲಾ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ, ಆಯುರ್ವೇದದ್ದೂ ಸೇರಿಸಿ. ಬಿಪಿ, ಶುಗರ್ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ 30 ದಾಟಿದವರಿಗೆ ಫ್ರೀ, ಸ್ತನದ್ದು, ಗರ್ಭಕಂಠದ್ದೂ ಅಲ್ಲೇ ಕೇಳಿ. ಎಲ್ಲಾ ಕೇಳಿಸ್ಕೊಂಡೂ "ವಯಸ್ಸಾಯ್ತಮ್ಮ" ಅಂತ ವಿಟಮಿನ್ ಮಾತ್ರೆ ಬರೆದು ಕಳಿಸಿದ್ರೆ ಆ ಚೀಟಿನೂ ಕ್ಯಾಲೆಂಡರ್ ಫೋಟೋನೂ ಹಿಡ್ಕೊಂಡು ಬೇರೆ ಡಾಕ್ಟ್ರ ಹತ್ರ ಹೋಗಿ.