ಹೈಸ್ಕೂಲು ಮಕ್ಕಳಿಗೆ ಸಾಹಿತ್ಯ, ಮಾತು, ಲೆಕ್ಕದ ಪರೀಕ್ಷೆ ನಡೆಸುವ ಬಗೆ

ಪಾಠದ ಪದ್ಯವನ್ನೇ ಕೊಟ್ಟರೆ ಗೈಡಿನ ಉತ್ತರ ಬರುತ್ತದೆ. ಮಕ್ಕಳು ಓದಿರದ ಒಂದು ಭಾಮಿನಿ ಷಟ್ಪದಿ ಆರಿಸಿ, 40 ನಿಮಿಷ ಕೊಡಿ. ಉಪಮೆ ಇದ್ದರೆ ಹೆಸರು ಬರೆದರೆ ಸಾಲದು. ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ ನಾಲ್ಕನ್ನೂ ಬಿಡಿಸಲಿ. ಪ್ರಸ್ತಾರದಲ್ಲಿ, ಅಂದರೆ ಅಕ್ಷರಗಳಿಗೆ ಗುರು (2 ಮಾತ್ರೆ), ಲಘು (1 ಮಾತ್ರೆ) ಗುರುತು ಹಾಕಿ ಎಣಿಸಿದಾಗ, ಮೊದಲೆರಡು ಸಾಲಿಗೆ 14 ಮಾತ್ರೆ, ಮೂರನೆಯದಕ್ಕೆ 23 ಬರಬೇಕು. ಎಡವುವುದು ಒತ್ತಕ್ಷರದಲ್ಲಿ: ‘ಅಕ್ಕ’ ಎಂಬಲ್ಲಿ ಗುರುವಾಗುವುದು ‘ಅ’, ಮಕ್ಕಳು ‘ಕ್ಕ’ದ ಮೇಲೆ ಗುರು ಹಾಕುತ್ತಾರೆ. ಮೂರನೇ ಸಾಲಿನ ಕೊನೆಯ ಅಕ್ಷರ ಲಘುವಾದರೂ ಗುರುವೆಂದೇ ಎಣಿಸಬೇಕು. ಇದನ್ನು ಮರೆತವರಿಗೆ 22 ಬರುತ್ತದೆ.

ಮಾತಿಗೆ ಊರಿನ ವಿಷಯವೇ ಇರಲಿ. ಸಕಲೇಶಪುರ, ಆಲೂರು ಕಡೆ ‘ಆನೆ ತಡೆಯಲು ರೈಲ್ವೆ ಕಂಬಿ ಬೇಲಿ ಸಾಕೇ?’ ಎಂದರೆ ಮಾತಾಡದ ಮಗುವಿಲ್ಲ. ಪರವೋ ವಿರೋಧವೋ ಚೀಟಿ ಎತ್ತಿಯೇ ತೀರ್ಮಾನವಾಗಲಿ, ಇಲ್ಲದಿದ್ದರೆ ಉರು ಹೊಡೆದ ಭಾಷಣ ಕೇಳಬೇಕಾಗುತ್ತದೆ. ತಯಾರಿಗೆ 5 ನಿಮಿಷ, ಮಾತಿಗೆ 3, ಎದುರಾಳಿಗೆ ಉತ್ತರಿಸಲು 1. ಹತ್ತು ಅಂಕದಲ್ಲಿ ಕಾರಣಗಳಿಗೆ 4, ಎದುರುತ್ತರಕ್ಕೆ 4. ದನಿ, ಹಾವಭಾವಕ್ಕೆ 2 ಸಾಕು. ಗಟ್ಟಿ ಗಂಟಲಿಗೆ ಬಹುಮಾನ ಕೊಡುವ ಚಾಳಿ ನಮ್ಮಲ್ಲಿ ಜಾಸ್ತಿ.

ಲೆಕ್ಕಕ್ಕೆ ಕಾಫಿಪುಡಿ: 1 ಕಿಲೋ ಪುಡಿಯಲ್ಲಿ ಕಾಫಿ, ಚಿಕೋರಿ 7:3 ಇವೆ. ಅದು 4:1 ಆಗಲು ಎಷ್ಟು ಕಾಫಿ ಸೇರಿಸಬೇಕು? ಅವಸರದವರು ಕಾಫಿ ಶೇಕಡಾ 70ರಿಂದ 80ಕ್ಕೆ ಎಂದು 100 ಗ್ರಾಂ ಬರೆಯುತ್ತಾರೆ. ಚಿಕೋರಿ 300 ಗ್ರಾಂ ಹಾಗೇ ಉಳಿಯುವುದರಿಂದ ಕಾಫಿ 1200 ಆಗಬೇಕು, ಉತ್ತರ 500 ಗ್ರಾಂ. ಉತ್ತರಕ್ಕೆ 1 ಅಂಕ, ಹಂತಗಳಿಗೆ 3 ಇಡಿ.

ಮಾತಿನ ಸುತ್ತು ಬೆಳಿಗ್ಗೆಯೇ ಮುಗಿಯಲಿ. 30 ಮಕ್ಕಳಿದ್ದರೆ ಮಾತಿಗೇ ಎರಡು ಗಂಟೆ ಹಿಡಿಯುತ್ತದೆ, ಸಂಜೆಗಿಟ್ಟರೆ ಹಳ್ಳಿ ಮಕ್ಕಳ ಕಣ್ಣೆಲ್ಲ ಬಸ್ಸಿನ ಮೇಲೆ.